ಚಿಪ್ಪಿನ ಕೆಂಡದ ಮೇಲಿನ ಖಾಗಿನ

ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷಕ್ಕೆ ನಾನು ನಮ್ಮ ಬಾಡಿಗೆ ಮನೆಯ ಬಾಗಿಲು ಬಡಿದೆ. ಒಳಗಿನಿಂದ ಚಿಲಕ ಹಾಕಿತ್ತು. ಯಾರೂ ತೆಗೆಯಲಿಲ್ಲ. ನನ್ನ ಒಂದು ಕೈಯಲ್ಲಿ ಸೇವಂತಿಗೆ ಹೂವು, ಮಾವಿನ ಸೊಪ್ಪು, ಇನ್ನೊಂದರಲ್ಲಿ ಹಾಲಿನ ಪ್ಯಾಕೆಟ್ ಇತ್ತು. ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ, ಜಡಿಮಳೆ. ಅಮ್ಮನ ಫೋನಿಗೆ ಮಾಡಿದೆ. ಅದು ಒಳಗೆ ಹೊಡೆದುಕೊಳ್ಳುವುದು ಹೊರಗಿನವರೆಗೂ ಕೇಳುತ್ತಿತ್ತು. ಪೂರ್ತಿ ಹೊಡೆದು ನಿಂತಿತು. ಮತ್ತೆ ಮಾಡಿದೆ. ಮತ್ತೆ ನಿಂತಿತು. ಒಳಗೆ ಅಮ್ಮ ಮತ್ತು ಅಕ್ಕ ಇಬ್ಬರೂ ಇದ್ದರು.

ಇದು ಎರಡು ವರ್ಷದ ಹಿಂದಿನ ಮಾತು. ಮರೆತೆ ಎಂದುಕೊಂಡಿದ್ದೆ. ಮೊನ್ನೆ ಗುಬ್ಬಿಯ ಸಂತೆಯ ದಿನ, ನವಿಲುಗರಿಯ ಕಟ್ಟು ಹಿಡಿದು ಅಂಗಡಿ ಅಂಗಡಿಗೆ ಧೂಪ ಹಾಕುತ್ತ ಬರುವ ಮುದುಕ ನಾನು ಕೆಲಸ ಮಾಡುವ ಕೊಬ್ಬರಿ ಮಂಡಿಯ ಬಾಗಿಲಿಗೂ ಬಂದ. ಕೆಂಡದ ಮೇಲೆ ಸಾಂಬ್ರಾಣಿ ಬಿದ್ದ ಕೂಡಲೇ ನಾನು ಕುರ್ಚಿಯಿಂದ ಎದ್ದು, ಕೊಬ್ಬರಿ ಚೀಲಗಳ ನಡುವೆ ನುಗ್ಗಿ, ಹಿಂದಿನ ಅಂಗಳಕ್ಕೆ ಓಡಿ ವಾಂತಿ ಮಾಡಿದೆ. "ಏನಮ್ಮ, ವಿಶೇಷಾನಾ?" ಎಂದು ಮಂಡಿಯ ಯಜಮಾನರು ನಕ್ಕರು. ನಾನೂ ನಕ್ಕೆ. ಅವರಿಗೆ ಹೇಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು?

ಶುರು ಮಾಡುವುದಾದರೆ ಅಕ್ಕನ ಕೆಮ್ಮಿನಿಂದ. ಅಕ್ಕ ಪುಷ್ಪ ತುಮಕೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದಳು. ನಾನು ಬಿ.ಎಸ್ಸಿ. ಮುಗಿಸಿ ಗುಬ್ಬಿಯ ಮಂಡಿ ಕೆಲಸಕ್ಕೆ ಹೋಗಿ ಬರುತ್ತಿದ್ದೆ. ಇಬ್ಬರೂ ಸದಾಶಿವನಗರದಲ್ಲಿ ಒಂದು ಮನೆಯ ಹಿಂದಿನ ಪೋರ್ಷನ್ನಿನಲ್ಲಿದ್ದೆವು. ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಕ್ಕನಿಗೆ ಟಿ.ಬಿ. ಎಂದು ಗೊತ್ತಾಯಿತು. ಡಾಕ್ಟರು ಆರು ತಿಂಗಳ ಮಾತ್ರೆ ಬರೆದರು. "ಮಾತ್ರೆ ನಾವು ಕೊಡ್ತೀವಿ, ಊಟ ನೀವು ಹಾಕ್ಬೇಕು. ದಿನಾ ಎರಡು ಮೊಟ್ಟೆ ತಪ್ಪಿಸ್ಬೇಡಿ. ಈ ಮೈಯಲ್ಲಿ ಮಾತ್ರೆ ತಡ್ಕೊಳ್ಳೋಕೆ ಏನೂ ಉಳಿದಿಲ್ಲ" ಎಂದರು. ಅಕ್ಕನ ಹೆಗಲ ಮೂಳೆಗಳು ನೈಟಿಯೊಳಗಿಂದ ಬಟ್ಟೆ ನೇತುಹಾಕುವ ಹ್ಯಾಂಗರಿನಂತೆ ಕಾಣುತ್ತಿದ್ದವು. ಕುಣಿಗಲ್ಲಿನ ಮನೆಗೆ ಬೀಗ ಹಾಕಿ ಅಮ್ಮ ನಮ್ಮ ಹತ್ತಿರ ಬಂದಳು.

ತೊಂದರೆ ಮೊಟ್ಟೆಯದ್ದು. ಮನೆ ತೋರಿಸುವಾಗಲೇ ಓನರಮ್ಮ ಹೇಳಿದ್ದರು: "ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆನೂ ಇಲ್ಲ. ಬರ್ತ್‌ಡೇಗೆ ಕೇಕ್ ತಂದ್ರೂ ಎಗ್‌ಲೆಸ್ಸೇ ತರ್ಬೇಕು." ಆಗ ನಾವು ನಕ್ಕು ತಲೆಯಾಡಿಸಿದ್ದೆವು. ತಿನ್ನಬೇಕೆನಿಸಿದರೆ ಹೊರಗೆ ತಿಂದು ಬರುತ್ತಿದ್ದೆವು. ಈಗ ಬೇರೆ ಮನೆ ಹುಡುಕಿದೆ. ಪಕ್ಕದಲ್ಲಿ ಕೆಮ್ಮುತ್ತ ನಿಂತ ಅಕ್ಕನನ್ನು ನೋಡಿದ ಮೇಲೆ ಯಾರೂ ಕೀಲಿ ತೆಗೆದು ತೋರಿಸಲಿಲ್ಲ. ಇರುವ ಸೂರೂ ಹೋಗಬಾರದೆಂದು ಅಮ್ಮ ಓನರಮ್ಮನಿಗೆ, "ಮಗೀಗೆ ರಕ್ತ ಕಮ್ಮಿ ಆಗ್ಯದೆ ಕಣಮ್ಮ" ಎಂದು ಹೇಳಿದಳು. ಅವರು ಮರುದಿನವೇ ಬೀಟ್‌ರೂಟ್ ಕಳಿಸಿಕೊಟ್ಟರು. ಅದರ ಜೊತೆಗೊಂದು ಮಾತು: "ಕೆಮ್ಮೋದು ಸ್ವಲ್ಪ ಕಮ್ಮಿ ಮಾಡೋಕೆ ಹೇಳಿ, ಪೂಜೆಗೆ ಕೂತಾಗ ಕೇಳ್ಸುತ್ತೆ."

ಹಾಗೆ ಆ ಮಳೆಗಾಲವೆಲ್ಲ ನಮ್ಮ ಮನೆಯಲ್ಲಿ ನಡೆದದ್ದು ಒಂದೇ ಕೆಲಸ. ವಾಸನೆ ಬರದ ಹಾಗೆ ಮೊಟ್ಟೆ ಬೇಯಿಸುವುದು, ಅಕ್ಕ ಅದನ್ನು ಹೊಟ್ಟೆಯಲ್ಲಿ ಉಳಿಸಿಕೊಳ್ಳುವ ಹಾಗೆ ಮಾಡುವುದು.

ನಮ್ಮ ಅಜ್ಜಿ ಕುಣಿಗಲ್ಲಿನಲ್ಲಿ ಮೊಟ್ಟೆಯ ತುದಿಗೆ ಜಾಲಿ ಮುಳ್ಳಿನಿಂದ ತೂತು ಮಾಡಿ ಒಲೆಯ ಬಿಸಿಬೂದಿಯಲ್ಲಿ ಹೂಳುತ್ತಿದ್ದಳು. ತೂತು ಮಾಡದಿದ್ದರೆ ಸಿಡಿಯುತ್ತದೆ. ಉಪ್ಪು, ಮೆಣಸಿನ ಪುಡಿ, ಅಷ್ಟೇ. ಅಮ್ಮನ ಕಾಲಕ್ಕೆ ಅದು ಈರುಳ್ಳಿ, ಹಸಿಮೆಣಸಿನಕಾಯಿ ಬಿದ್ದ ಪಲ್ಯವಾಗಿತ್ತು, ಮೇಲೆ ಹಿಡಿ ತೆಂಗಿನ ತುರಿ, ಜೊತೆಗೆ ಅಕ್ಕಿ ರೊಟ್ಟಿ. ನನ್ನ ಕಾಲೇಜಿನ ದಿನಗಳಲ್ಲಿ ಅದು ಬಸ್ ಸ್ಟ್ಯಾಂಡಿನ ಪಕ್ಕದ ಗಾಡಿಯ ಬ್ರೆಡ್ ಆಮ್ಲೆಟ್ ಆಯಿತು. ಸದಾಶಿವನಗರದ ಮನೆಯಲ್ಲಿ ಇವು ಯಾವುವೂ ಆಗುವಂತಿರಲಿಲ್ಲ. ಅಡುಗೆಮನೆಯ ಕಿಟಕಿ ನೇರವಾಗಿ ಓನರಮ್ಮನ ತುಳಸಿಕಟ್ಟೆಗೆ ತೆರೆದುಕೊಳ್ಳುತ್ತಿತ್ತು.

ಮೊದಲು ಬೇಯಿಸಿ ನೋಡಿದೆವು. ಸಿಪ್ಪೆಗಳನ್ನು ನಾನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಗುಬ್ಬಿಗೆ ಒಯ್ದು ಎಸೆಯುತ್ತಿದ್ದೆ. ಅಕ್ಕ ಬೇಯಿಸಿದ ಮೊಟ್ಟೆ ತಿಂದ ಹತ್ತು ನಿಮಿಷಕ್ಕೆಲ್ಲ ಬಚ್ಚಲಿಗೆ ಓಡುತ್ತಿದ್ದಳು. ಮಾತ್ರೆಗೆ ಹೊಟ್ಟೆ ತೊಳಸುತ್ತಿತ್ತು, ಹಳದಿ ಭಾಗ ಹಿಟ್ಟು ಹಿಟ್ಟಾಗಿ ಗಂಟಲಿಗೆ ಅಂಟುತ್ತಿತ್ತು. ಆಮೇಲೆ ಅಮ್ಮ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಮೊಟ್ಟೆ ಒಡೆದು, ಮೆಂತ್ಯ ಸೊಪ್ಪು ಉದುರಿಸಿ ಹಬೆಯಲ್ಲಿ ಬೇಯಿಸಿದಳು. ನೋಡಲು ಚೆಂದ, ವಾಸನೆಯೂ ಇಲ್ಲ. ಅದೂ ನಿಲ್ಲಲಿಲ್ಲ. ರಾಗಿ ಗಂಜಿಯಲ್ಲಿ ಕದಡಿ ಕೊಟ್ಟಳು. ಅಕ್ಕ ಲೋಟ ನೋಡಿಯೇ ಅತ್ತಳು. ತೂಕ ಏರುವುದಿರಲಿ, ಇನ್ನೂ ಇಳಿಯಿತು.

ಒಂದು ದಿನ ಮೋರಿಯಲ್ಲಿ ಒಂದು ಚೂರು ಮೊಟ್ಟೆಯ ಸಿಪ್ಪೆ ಸಿಕ್ಕಿತು. ಓನರಮ್ಮ ಅದನ್ನು ಪೊರಕೆ ಕಡ್ಡಿಯ ತುದಿಗೆ ಏರಿಸಿಕೊಂಡು ನಮ್ಮ ಬಾಗಿಲಿಗೆ ಬಂದರು.

"ಇದೇನಮ್ಮ?"

"ಕಾಗೆ ತಂದಾಕಿರ್ತದೆ ಬುಡಿ" ಎಂದಳು ಅಮ್ಮ.

"ಇಡೀ ಸದಾಶಿವನಗರದಲ್ಲಿ ಕಾಗೆಗೆ ನಮ್ಮನೇನೇ ಬೇಕಿತ್ತಾ?" ಅವರ ಕಣ್ಣು ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತ ಕೂತಿದ್ದ ಅಕ್ಕನ ಮೇಲೆ ಹೋಯಿತು. "ನೀನು ಸುಮ್ನೆ ಕೂತಿದೀಯಲ್ಲಮ್ಮ, ಅಂಗಳ ತೊಳಿ. ರಕ್ತ ಓಡಾಡುತ್ತೆ."

ಅಮ್ಮ ಬಕೆಟ್ ತೆಗೆದುಕೊಳ್ಳಲು ಹೋದಳು. "ಅವಳೇ ತೊಳೀಲಿ" ಎಂದರು. ಅಕ್ಕ ಅಂಗಳವೆಲ್ಲ ತೊಳೆದಳು. ಒಂದೊಂದು ಬಕೆಟ್ಟಿಗೂ ಗೋಡೆ ಹಿಡಿದು ನಿಂತು ಕೆಮ್ಮಿದಳು. ಓನರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಆ ಮೂಲೆ ಬಿಟ್ಟೆ ನೋಡು" ಎಂದರು. ಅವರ ಸೊಸೆ ದಿವ್ಯಾ ಒಳಗಿನಿಂದ ನೋಡುತ್ತಿದ್ದಳು. ನನ್ನ ಕಣ್ಣಿಗೆ ಕಣ್ಣು ಸಿಕ್ಕಿದ ಕೂಡಲೇ ಪರದೆ ಎಳೆದಳು.

ಮೊಟ್ಟೆ ತರುತ್ತಿದ್ದದ್ದು ಉಪ್ಪಾರಹಳ್ಳಿಯ ಫರ್ಜಾನಕ್ಕನ ಅಂಗಡಿಯಿಂದ. ಹತ್ತಿರದಲ್ಲಿ ಕೊಂಡರೆ ಯಾರಾದರೂ ನೋಡುತ್ತಾರೆಂದು ಸ್ಕೂಟಿಯಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಫರ್ಜಾನಕ್ಕ ಮೊಟ್ಟೆಗಳನ್ನು ಅಕ್ಕಿಯ ಚೀಲದೊಳಗೆ ಹುದುಗಿಸಿ ಕೊಡುತ್ತಿದ್ದಳು. "ಚಿನ್ನ ಸಾಗ್ಸೋರೂ ಇಷ್ಟು ಹೆದರಲ್ಲ ಕಣೇ ಸುಮಾ" ಎಂದು ಗೇಲಿ ಮಾಡುತ್ತಿದ್ದಳು. ಅಕ್ಕನ ಸಂಗತಿ ಹೇಳಿದ ದಿನ ಮಾತ್ರ ನಗಲಿಲ್ಲ. ಅಂಗಡಿಯ ಹಿಂದಿನ ಅಡುಗೆಮನೆಗೆ ಕರೆದುಕೊಂಡು ಹೋಗಿ, ಮೊಟ್ಟೆಗಿಂತ ಈರುಳ್ಳಿಯೇ ಜಾಸ್ತಿ ಹೆಚ್ಚಿ, ಎಣ್ಣೆಯಲ್ಲಿ ಮೆತ್ತಗಾಗುವ ತನಕ ಬಾಡಿಸಿ, ಅರಿಶಿನ, ಖಾರದ ಪುಡಿ, ಕೊತ್ತಂಬರಿ ಹಾಕಿ, ಮೊಟ್ಟೆ ಒಡೆದು ಸುರಿದು ಸುಮ್ಮನೆ ನಿಂತಳು.

"ತಿರುವಲ್ವಾ?" ಎಂದೆ.

"ಅರ್ಜೆಂಟಾ? ಉರಿ ಸಣ್ಣಗಿರ್ಬೇಕು. ಬೇಯ್ತಾ ಇದೀನಿ ಅಂತ ಮೊಟ್ಟೆಗೇ ಗೊತ್ತಾಗ್ಬಾರ್ದು." ಆಮೇಲೆ ನಿಧಾನವಾಗಿ ಅಂಚಿನಿಂದ ಮಡಚಿದಳು. "ಇದು ಖಾಗಿನ. ನಮ್ ನಾನಿ ಕಾಲ್ದಲ್ಲಿ ಈರುಳ್ಳಿ, ಮೆಣಸು, ಅಷ್ಟೇ. ನಮ್ಮತ್ತೆ ಬಂದು ಟೊಮೇಟೊ ಸೇರಿಸಿದ್ರು. ಈಗ ನನ್ ಮಗಳು ಚೀಸ್ ಹಾಕಮ್ಮಿ ಅಂತಾಳೆ. ನಾನಿ ಗೋರಿಯಿಂದ ಎದ್ ಬಂದ್ರೆ ಆ ಚೀಸಲ್ಲೇ ಹೊಡೀತಾರೆ ಇವಳ್ಗೆ."

ಡಬ್ಬಿಯಲ್ಲಿ ತಂದುಕೊಟ್ಟ ಖಾಗಿನವನ್ನು ಅಕ್ಕ ಪೂರ್ತಿ ತಿಂದಳು. ನಾವು ಬಚ್ಚಲ ಬಾಗಿಲು ನೋಡುತ್ತ ಕಾದೆವು. ಅವಳು ಏಳಲಿಲ್ಲ. ತಟ್ಟೆಗೆ ಅಂಟಿದ್ದ ಈರುಳ್ಳಿಯನ್ನೂ ಬೆರಳಲ್ಲಿ ತೆಗೆದು ತಿಂದು, "ನಾಳೆನೂ ಇದೇ ಮಾಡಮ್ಮ" ಎಂದಳು. ಅಮ್ಮ ಅದನ್ನು ಮಾಡಲು ಕಲಿತು ತನ್ನ ತೆಂಗಿನ ತುರಿಯನ್ನೂ ಸೇರಿಸಿದಳು. "ನಮ್ ಸೀಮೇಲಿ ಕಾಯಿ ಬೀಳ್ದೇ ಏನ್ ರುಚಿ" ಎನ್ನುವುದು ಅವಳ ವಾದ. ಆದರೆ ಅಕ್ಕನ ಹೊಟ್ಟೆಯಲ್ಲಿ ನಿಂತ ಒಂದೇ ಒಂದು ತಿಂಡಿ, ಇಡೀ ಬೀದಿಗೆ ವಾಸನೆ ಬಿಡುವ ತಿಂಡಿಯಾಗಿತ್ತು.

ದಾರಿ ಹುಡುಕಿದ್ದು ಅಮ್ಮನೇ. ಅಡುಗೆಮನೆಗಿಂತ ಒಳಗೆ ಅಕ್ಕ ಮಲಗುವ ಕೋಣೆಯಿತ್ತು, ಅದಕ್ಕೆ ಕಿಟಕಿಯೇ ಇರಲಿಲ್ಲ. ಕೊಬ್ಬರಿ ಮಂಡಿಯಲ್ಲಿ ತೆಂಗಿನ ಚಿಪ್ಪಿನ ರಾಶಿ ಬಿದ್ದಿರುತ್ತದೆ, ನನ್ನಿಂದ ಒಂದು ಚೀಲ ತರಿಸಿಕೊಂಡಳು. ಬೆಳಿಗ್ಗೆ ಹಿತ್ತಲಲ್ಲಿ ಚಿಪ್ಪು ಉರಿಸಿ, ಕೆಂಡವಾದ ಮೇಲೆ ಕಬ್ಬಿಣದ ಬಾಂಡ್ಲಿಯಲ್ಲಿ ಕೋಣೆಗೆ ತಂದು, ಅದರ ಮೇಲೆ ಬಾಣಲೆ ಇಟ್ಟು ಖಾಗಿನ ಮಾಡುತ್ತಿದ್ದಳು. ವಾಸನೆ ಏಳುವ ಮೊದಲೇ ಕೆಂಡದ ಅಂಚಿಗೆ ಸಾಂಬ್ರಾಣಿ ಎಸೆಯುತ್ತಿದ್ದಳು. ಕೋಣೆಗೆ ಎರಡು ಬಾಗಿಲು. ಒಂದು ನಮ್ಮ ಅಡುಗೆಮನೆಗೆ. ಇನ್ನೊಂದು ಓನರಮ್ಮನ ನಡುಮನೆಗೆ; ಒಂದೇ ಮನೆಯನ್ನು ಎರಡು ಮಾಡಿದಾಗ ಉಳಿದದ್ದು, ಆ ಕಡೆಯಿಂದ ಬೀಗ. ಎರಡರ ಕೆಳಗೂ ಒದ್ದೆ ಟವೆಲ್ ತುರುಕುತ್ತಿದ್ದಳು.

ಓನರಮ್ಮ ಎಷ್ಟು ಮೆಚ್ಚಿಕೊಂಡರೆಂದರೆ, ಒಂದು ದಿನ ನನ್ನನ್ನು ನಿಲ್ಲಿಸಿ, "ನಿಮ್ಮಮ್ಮಂದು ಏನ್ ಭಕ್ತಿ! ದಿನಾ ತಪ್ಪದೆ ಧೂಪ. ನಮ್ ಸೊಸೆಗೂ ಸ್ವಲ್ಪ ಹೇಳ್ಕೊಡೋಕೆ ಹೇಳಮ್ಮ" ಎಂದರು. ನಾವು ಮೂವರೂ ಬಾಯಿಗೆ ಬಟ್ಟೆ ಇಟ್ಟುಕೊಂಡು ನಕ್ಕೆವು. ಅಕ್ಕನ ಕೆನ್ನೆ ತುಂಬತೊಡಗಿತ್ತು. ಅಮ್ಮನಿಗೆ ಆಗಾಗ ತಲೆನೋವು ಬರುತ್ತಿತ್ತು. ಮಳೆಗೆ ಎಂದುಕೊಂಡೆವು.

ಹಬ್ಬದ ಶುಕ್ರವಾರ ಅಮ್ಮನಿಗೂ ಪೂಜೆಯಿತ್ತು. ಮೊಟ್ಟೆ ಕೆಲಸ ಬೇಗ ಮುಗಿಸಿ, ತಲೆಗೆ ನೀರು ಹಾಕಿಕೊಂಡು ದೀಪ ಹಚ್ಚಬೇಕು. "ಇವತ್ತೊಂದು ದಿನ ಬೇಡ ಬಿಡಮ್ಮ" ಎಂದು ಅಕ್ಕ ಅಂದಳು. "ನಿನ್ ಹೊಟ್ಟೆಗೆ ಹಬ್ಬ ಗೊತ್ತಾಯ್ತದಾ? ಸುಮ್ನೆ ಕೂತ್ಕೋ" ಎಂದಳು ಅಮ್ಮ. ಮಳೆಯಲ್ಲಿ ಚಿಪ್ಪು ಸರಿಯಾಗಿ ಉರಿದಿರಲಿಲ್ಲ, ಅದಕ್ಕೇ ಜಾಸ್ತಿ ಹಾಕಿದ್ದಳು. ಗೋಡೆಯಾಚೆ ಕಲಶ ಕೂರಿಸಿದ್ದಾರೆ, ಒಂದು ಎಳೆ ವಾಸನೆಯೂ ಹೋಗಬಾರದು ಎಂದು ಟವೆಲ್ಲಿನ ಜೊತೆಗೆ ಹಳೆಯ ಕಂಬಳಿಯನ್ನೂ ನೆನೆಸಿಟ್ಟಿದ್ದಳು. ನಾನು ಹೂವು ತರಲು ಹೊರಟೆ.

ಫೋನು ಎರಡನೇ ಸಲ ಹೊಡೆದು ನಿಂತಾಗ ನನಗೆ ಅರ್ಥವಾಯಿತು. ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಪರೀಕ್ಷೆಯಲ್ಲಿ ಬರೆದವಳು ನಾನು. ಹೂವು ಬಿಸಾಡಿ ಓನರಮ್ಮನ ಮನೆಯ ಮುಂಬಾಗಿಲಿಗೆ ಓಡಿದೆ.

ನಡುಮನೆಯಲ್ಲಿ ಆ ಬೀಗ ಹಾಕಿದ ಬಾಗಿಲಿಗೆ ಒತ್ತಿದ ಹಾಗೆ ಮೇಜಿನ ಮೇಲೆ ಕಲಶವಿತ್ತು. ರೇಷ್ಮೆ ಸೀರೆ ಉಡಿಸಿ, ಬೆಳ್ಳಿ ಮುಖವಾಡ ಇಟ್ಟು, ಸರ ಹಾಕಿದ್ದರು. ಓನರಮ್ಮ ಹಣೆ ತುಂಬ ಕುಂಕುಮ ಇಟ್ಟುಕೊಂಡು ಕೂತಿದ್ದರು.

"ಆಂಟಿ, ಆ ಬಾಗಿಲು ತೆಗೀರಿ. ಅಮ್ಮ, ಅಕ್ಕ ಒಳಗಿದಾರೆ. ಕೆಂಡ ಇದೆ. ಫೋನ್ ತೆಗೀತಿಲ್ಲ."

"ಸ್ನಾನಕ್ಕೆ ಹೋಗಿರ್ತಾರೆ. ಕೂರಿಸಿದ ಕಲಶ ಕದಲಿಸಬಾರ್ದು ಅಂತ ಗೊತ್ತಿಲ್ವಾ ನಿಂಗೆ?"

"ಆಂಟಿ, ಉಸಿರು ಕಟ್ಟುತ್ತೆ ಅವ್ರಿಗೆ!"

"ಧೂಪಕ್ಕೆ ಯಾರಿಗಮ್ಮ ಉಸಿರು ಕಟ್ಟುತ್ತೆ?"

ಅವರಿಗೆ ನಂಬಿಕೆ ಬರಲೆಂದು ನಾನು ನಿಜ ಹೇಳಿಬಿಟ್ಟೆ. ಅದು ಧೂಪವಲ್ಲ, ಅಮ್ಮ ಕೆಂಡದ ಮೇಲೆ ಮೊಟ್ಟೆ ಮಾಡುತ್ತಿದ್ದಾಳೆ, ಅಕ್ಕನಿಗೆ ಟಿ.ಬಿ., ಬಾಗಿಲಿಗೆಲ್ಲ ಬಟ್ಟೆ ತುರುಕಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಅವರ ಮುಖ ನಾನು ಈಗಲೂ ನೋಡುತ್ತೇನೆ. ಗಾಬರಿಯಲ್ಲ ಅದು. ಎಷ್ಟೋ ದಿನದಿಂದ ಹುಡುಕುತ್ತಿದ್ದದ್ದು ಕೊನೆಗೂ ಕೈಗೆ ಸಿಕ್ಕಿದವರ ಮುಖ.

"ಮೊಟ್ಟೆ. ಇವತ್ತು. ನನ್ ಕಲಶದ ಬೆನ್ನ ಹಿಂದೆ." ಕಲಶದ ಸೀರೆಯ ನೆರಿಗೆ ಸರಿಮಾಡಿದರು. "ಮಂಗಳಾರತಿ ಆಗ್ಲಿ. ಹತ್ತು ನಿಮಿಷ. ಆಮೇಲೆ ಪೊಲೀಸ್ನೋರ ಮುಂದೆನೇ ತೆಗೀತೀನಿ. ದಿವ್ಯಾ, ಕರ್ಪೂರ ತಾ."

ನಾನು ಮೇಜಿಗೆ ಕೈ ಹಾಕಿದೆ. ಅವರು ನನ್ನ ಕೂದಲು ಹಿಡಿದು ಎಳೆದರು. ದೊಡ್ಡ ಹೆಂಗಸು, ಗಟ್ಟಿ ಕೈ. ನಾನು ಬಿದ್ದೆ. ಬಿದ್ದಲ್ಲಿಂದಲೇ ಬಾಗಿಲ ಕೆಳಗಿನ ಸಂದಿ ಕಂಡಿತು, ಆ ಕಡೆಯಿಂದ ಕಂಬಳಿಯ ಒದ್ದೆ ನಡುಮನೆಗೆ ಇಳಿದಿತ್ತು. ಕರ್ಪೂರದ ತಟ್ಟೆ ಹಿಡಿದು ಬಂದ ದಿವ್ಯಾ ನನ್ನನ್ನು ನೋಡಿದಳು, ಆ ಒದ್ದೆಯನ್ನು ನೋಡಿದಳು. ತಟ್ಟೆ ಕೆಳಗಿಟ್ಟು ಗೋಡೆಯ ಮೊಳೆಯಿಂದ ಕೀಲಿ ತೆಗೆದಳು.

"ಕೈ ಇಟ್ಟೆ ಅಂದ್ರೆ ಈ ಮನೇಲಿರಲ್ಲ ನೀನು" ಎಂದರು ಓನರಮ್ಮ.

ದಿವ್ಯಾ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎರಡೂ ಕೈಯಿಂದ ಮೇಜನ್ನೇ ಎಳೆದಳು. ಕಲಶ ವಾಲಿತು, ಬಿತ್ತು. ನೀರು, ಅಕ್ಕಿ, ತೆಂಗಿನಕಾಯಿ, ಬೆಳ್ಳಿ ಮುಖ ಎಲ್ಲ ನೆಲದ ಪಾಲಾದವು. ಬಾಗಿಲು ತೆರೆದಾಗ ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಅಕ್ಕ ಗೋಡೆಗೆ ಒರಗಿ ಕೂತ ಹಾಗೇ ಇದ್ದಳು, ತೊಡೆಯ ಮೇಲೆ ಅರ್ಧ ತಿಂದ ತಟ್ಟೆ. ಅಮ್ಮ ಅಡುಗೆಮನೆಯ ಬಾಗಿಲ ಬಳಿ ಬೋರಲು ಬಿದ್ದಿದ್ದಳು, ಮುಷ್ಟಿಯಲ್ಲಿ ಟವೆಲ್ಲಿನ ತುದಿ. ಎಳೆಯಲು ನೋಡಿದ್ದಳು. ನಾನೂ ದಿವ್ಯಾನೂ ಒಬ್ಬೊಬ್ಬರನ್ನೂ ಕಂಕುಳಿಗೆ ಕೈ ಹಾಕಿ ಹೊರಗೆ ಎಳೆದೆವು. ಓನರಮ್ಮ ಅಳುತ್ತ ನೆಲದಲ್ಲಿ ಕೂತು ಕಲಶದ ಅಕ್ಕಿ ಆಯುತ್ತಿದ್ದರು. ಅಮ್ಮನ ಕಾಲು ತಗುಲಿದಾಗ, "ಅಕ್ಕಿ ತುಳೀಬೇಡ್ರೇ" ಎಂದರು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಹಾಕಿದರು. ಡಾಕ್ಟರು ಎಲ್ಲ ಕೇಳಿ, "ನೀವು ಓದಿದೋರಲ್ವಾ?" ಎಂದರು, ಅಷ್ಟೇ. ಅಕ್ಕ ಸಂಜೆಗೆ ಕಣ್ಣು ಬಿಟ್ಟಳು. ಅಮ್ಮನಿಗೆ ಎಚ್ಚರವಾಗಲು ಎರಡು ದಿನ ಬೇಕಾಯಿತು. ಆ ಹೊತ್ತಿಗೆ ನಮ್ಮ ಸಾಮಾನೆಲ್ಲ ಮಳೆಯಲ್ಲಿ ಗೇಟಿನ ಹೊರಗಿತ್ತು. ಓನರಮ್ಮ ಫೋನ್ ಮಾಡಿ, "ನಿಮ್ಮಮ್ಮ ಬದುಕಿದ್ರಲ್ಲ, ಖುಷಿಪಡಿ. ಕಲಶ ಬಿದ್ದ ಮನೆ ನಂದು, ನಮಗೇನ್ ಕಾದಿದೆಯೋ" ಎಂದು ಅತ್ತರು. ಆ ಅಳು ನಿಜದ್ದೇ ಆಗಿತ್ತು. ದಿವ್ಯಾ ಒಮ್ಮೆ ಆಸ್ಪತ್ರೆಯ ಗೇಟಿನವರೆಗೆ ಬಂದು ನಮ್ಮ ಬಟ್ಟೆಯ ಗಂಟು ಕೊಟ್ಟಳು. "ಅಡುಗೆಮನೆಗೂ ಸೇರಿಸ್ತಿಲ್ಲ ಕಣೇ ನನ್ನ. ಒಂದ್ ಲೆಕ್ಕಕ್ಕೆ ರೆಸ್ಟು" ಎಂದು ನಕ್ಕಳು. ಕಣ್ಣು ಊದಿತ್ತು.

ಫರ್ಜಾನಕ್ಕ ತನ್ನ ಅಂಗಡಿಯ ಮೇಲಿನ ಕೋಣೆ ಕೊಟ್ಟಳು. "ಗಾಳಿ ಬೇಕಾದಷ್ಟು ಬರುತ್ತೆ, ಮಳೆನೂ ಬರುತ್ತೆ. ಆಮೇಲೆ ಹೇಳ್ಲಿಲ್ಲ ಅನ್ಬೇಡಿ" ಎಂದಳು.

ಕ್ರೂರವಾದದ್ದು ಶುರುವಾದದ್ದು ಅಲ್ಲಿ. ಅಮ್ಮ ಓಡಾಡುತ್ತಿದ್ದಳು, ಊಟ ಮಾಡುತ್ತಿದ್ದಳು, ನಮ್ಮ ಹೆಸರು ಹೇಳುತ್ತಿದ್ದಳು. ಆದರೆ ವಿಷಗಾಳಿ ಮಿದುಳಿಗೆ ತಾಗಿತ್ತು, ಕೈ ನಡುಗುತ್ತಿತ್ತು. ಮೊಟ್ಟೆ ಹಿಡಿದು ಒಲೆಯ ಮುಂದೆ ನಿಂತು, "ಇದನ್ನ ಏನ್ ಮಾಡ್ಬೇಕೇ?" ಎಂದು ಕೇಳುತ್ತಿದ್ದಳು. ಅಷ್ಟು ಬಗೆಯ ಮೊಟ್ಟೆ ಕಂಡುಹಿಡಿದವಳು ಎಲ್ಲವನ್ನೂ ಮರೆತಿದ್ದಳು. ಮರೆಯದೆ ಉಳಿದದ್ದು ಒಂದೇ: ಓನರಮ್ಮ. ಕತ್ತಲಾದರೆ ಎದ್ದು ಸೀರೆ, ಟವೆಲ್, ಅಕ್ಕನ ದುಪಟ್ಟಾ, ಸಿಕ್ಕಿದ್ದನ್ನೆಲ್ಲ ನೆನೆಸಿ ಬಾಗಿಲ ಸಂದಿಗೆ ತುರುಕುತ್ತಿದ್ದಳು. ತಡೆದರೆ ಕೈ ಕಚ್ಚುತ್ತಿದ್ದಳು. "ಮೂಗಿಗೆ ಬಡೀತದೆ ಅವ್ರಿಗೆ. ಬಿಡ್ರೇ, ಬಂದ್ಬುಡ್ತಾರೆ." ಅಕ್ಕನೂ ನಾನೂ ಸರದಿಯಲ್ಲಿ ಎಚ್ಚರವಿರುತ್ತಿದ್ದೆವು. ನನ್ನ ಸರದಿ ಇಲ್ಲದಾಗಲೂ ಅವರಿಬ್ಬರ ಎದೆ ಏರಿಳಿಯುವುದನ್ನು ನೋಡುತ್ತ ಮಲಗುತ್ತಿದ್ದೆ. ನಿದ್ದೆ ಕೆಟ್ಟರೆ ಅಕ್ಕನ ಕಾಯಿಲೆ ತಿರುಗಿ ಬೀಳುತ್ತದೆ ಎಂಬ ಹೆದರಿಕೆ ಬೇರೆ.

ಕಾರ್ತಿಕ ಕಳೆದ ಮೇಲೆ ಅಕ್ಕ ಒಂದು ದಿನ ಗ್ಯಾಸ್ ಒಲೆಯನ್ನೇ ಎತ್ತಿಕೊಂಡು ಹೋಗಿ ಹೊರಗಿನ ತಾರಸಿಯ ಮೇಲಿಟ್ಟಳು. ಕೆಳಗೆ ರಸ್ತೆ, ಶಾಲೆಗೆ ಹೋಗುವ ಮಕ್ಕಳು, ಆಟೋಗಳು. ಎಲ್ಲರಿಗೂ ಕಾಣುವ ಹಾಗೆ ಖಾಗಿನ ಮಾಡಿದಳು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಅಮ್ಮ ಮೊದಲ ದಿನ ಸೆರಗಿನಿಂದ ಬಾಣಲೆ ಮುಚ್ಚಲು ಹೋಗಿ ಸೆರಗು ಸುಟ್ಟುಕೊಂಡಳು. ಎರಡನೇ ದಿನ ಅತ್ತಳು. ಅಕ್ಕ ಬಿಡಲಿಲ್ಲ, ದಿನಾ ಅಲ್ಲೇ ಮಾಡಿದಳು. ಈರುಳ್ಳಿ ಫರ್ಜಾನಕ್ಕನ ಲೆಕ್ಕದ್ದು, ತೆಂಗಿನ ತುರಿ ಅಮ್ಮನದ್ದು, ಮೆಣಸು ಅಜ್ಜಿಯದ್ದು, ಇಡ್ಲಿ ತಟ್ಟೆಯ ಕಾಲದ ಮೆಂತ್ಯ ಸೊಪ್ಪೂ ಸ್ವಲ್ಪ. ಫರ್ಜಾನಕ್ಕ ಕೆಳಗಿನಿಂದಲೇ, "ಪುಷ್ಪಾ, ಅದು ಖಾಗಿನಾನೋ ಸೊಪ್ಪಿನ ಪಲ್ಯಾನೋ?" ಎಂದು ಕೂಗುತ್ತಿದ್ದಳು. ಆಮೇಲೆ ತಟ್ಟೆ ಹಿಡಿದು ಮೇಲೆ ಬರುತ್ತಿದ್ದಳು.

ಮಾತ್ರೆಯ ಕೊನೆಯ ವಾರದಲ್ಲಿ ಅಕ್ಕನ ಕಫದಲ್ಲಿ ಏನೂ ಇಲ್ಲವೆಂದು ಆಸ್ಪತ್ರೆಯವರು ಹೇಳಿದರು. ಆ ಮರುದಿನ ತಾರಸಿಯಲ್ಲಿ ಅಕ್ಕ ಈರುಳ್ಳಿ ಬಾಡಿಸುತ್ತಿದ್ದಳು. ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬ ಹೆಂಗಸು ತಲೆಯೆತ್ತಿ ನೋಡಿದಳು. ವಾಸನೆ ಹಿಡಿದೇ ನೋಡಿರಬೇಕು. ಅಮ್ಮನ ಮೈ ಸೆಟೆಯಿತು. ಅಮ್ಮ ಎದ್ದು ತಾರಸಿಯ ಅಂಚಿಗೆ ಹೋದಳು. ಆ ಹೆಂಗಸನ್ನು ಬಹಳ ಹೊತ್ತು ನೋಡಿದಳು.

"ಏನ್ ನೋಡ್ತೀಯಾ?" ಎಂದು ಜೋರಾಗಿ ಕೂಗಿದಳು. "ಮೊಟ್ಟೆ ಮಾಡ್ತಿದೀವಿ. ತಿನ್ನಂಗಿದ್ರೆ ಮೇಲ್ ಬಾ!"

ಹೆಂಗಸು ನಕ್ಕು ಕೈಯಾಡಿಸಿ ಹೋದಳು. ಅಮ್ಮ ಬಂದು ಕೂತು, ಅಕ್ಕನ ಕೈಯಿಂದ ಸೌಟು ಕಿತ್ತುಕೊಂಡಳು. ನಡುಗುವ ಕೈಯಲ್ಲೇ ಬಾಣಲೆಯ ಅಂಚಿನಿಂದ ಮೊಟ್ಟೆಯನ್ನು ಮಡಚಿದಳು. ಅರ್ಧ ಕೆಳಗೆ ಚೆಲ್ಲಿತು.

ಅಂದು ದೀಪ ಆರಿಸಿದ ಮೇಲೆ ಅಮ್ಮ ಬಟ್ಟೆ ನೆನೆಸಲು ಏಳಲಿಲ್ಲ. ಮೊದಲ ಸರದಿ ನನ್ನದಾಗಿತ್ತು. ಗೋಡೆಗೆ ಒರಗಿ ಕೂತದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬಿಸಿಲು ಅಕ್ಕನ ಕಾಲಿನ ಮೇಲೆ ಬಿದ್ದಿತ್ತು, ಅವಳ ತೋಳಿನ ಮೇಲೆ ತಲೆಯಿಟ್ಟು ಅಮ್ಮ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಗುಬ್ಬಿಯ ನನ್ನ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು.